ಆನೆ ಇಲ್ಲದ ಪುಟ

ಆ ಎರಡು ಹಾಳೆಗಳನ್ನು ನಾನೇ ಅಂಟಿಸಿದೆನೋ, ಅವು ತಾವಾಗಿಯೇ ಅಂಟಿಕೊಂಡಿದ್ದವೋ, ಬಹಳ ವರ್ಷ ನನಗೆ ಖಚಿತವಿರಲಿಲ್ಲ. ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡ ಕಥೆ ಹೀಗಿದೆ: ಆರತಿಯ ತುಪ್ಪ ಚೆಲ್ಲಿ ಬಸದಿಯ ಪುಸ್ತಕದ ಎರಡು ಹಾಳೆ ಕೂಡಿಕೊಂಡಿದ್ದವು. ಅದರಿಂದಾಗಿ ನನ್ನ ತಮ್ಮನಿಗೆ ಓದಲು ಬರುವುದಿಲ್ಲ ಎಂಬುದು ನಾಲ್ಕು ಜನರೆದುರು ಬಯಲಾಯಿತು. ಮುಂದೆ ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರೂ ಸಿಕ್ಕಿತು. ನನ್ನ ತಲೆಯಲ್ಲಿ ಇನ್ನೊಂದು ಕಥೆ ಇದೆ. ಅದರಲ್ಲಿ ನಾನು ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಕುಳಿತು, ಬೆಂಕಿಕಡ್ಡಿಯ ತುದಿಯಿಂದ ಹಾಳೆಯ ಅಂಚಿಗೆ ಮೂರು ಕಡೆ ಜಾಲಿಯ ಅಂಟು ಹಚ್ಚುತ್ತಿದ್ದೇನೆ.

ಈ ಚಿತ್ರ ತೀರ ಸ್ಪಷ್ಟವಾಗಿದೆ. ಅದಕ್ಕೇ ನನಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಧಾರವಾಡದಲ್ಲಿ ಎಂ.ಎ. ಮಾಡುವಾಗ ನಾನು ಕಲಿತ ಒಂದೇ ಗಟ್ಟಿ ಪಾಠವೆಂದರೆ, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ ಎನ್ನುವ ಸಾಕ್ಷಿಯನ್ನು ಮೊದಲು ಅನುಮಾನಿಸಬೇಕು ಎಂಬುದು. ತಪ್ಪು ಮಾಡಿದವನಿಗೆ ಮಾತ್ರವಲ್ಲ, ತಪ್ಪು ಮಾಡಬೇಕೆಂದು ಆಸೆಪಟ್ಟವನಿಗೂ ಇಂಥ ಚಿತ್ರಗಳು ಕಾಣಿಸುತ್ತವೆ. ಆಸೆಯಂತೂ ನನಗಿತ್ತು. ಅದರಲ್ಲಿ ಅನುಮಾನವಿಲ್ಲ.

ಮೂಡಲಗಿಯಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ, ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಆಡುತ್ತಿದ್ದುದು ಕನ್ನಡ. ತಾಯಿ ಹುಕ್ಕೇರಿ ತಾಲೂಕಿನ ದಡ್ಡಿಯವಳು, ಮರಾಠಿಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಮಕ್ಕಳೊಡನೆ ಅವಳ ಮಾತು, ಬೈಗುಳ, ಹಾಡು ಎಲ್ಲ ಮರಾಠಿ. ನಾವು ಅವಳನ್ನು ಆಯಿ ಎಂದು ಕರೆಯುತ್ತಿದ್ದೆವು. ತಮ್ಮ ಹುಟ್ಟುವ ಮೊದಲು ಮೂರು ವರ್ಷ ಆ ಮರಾಠಿ ನನ್ನೊಬ್ಬನ ಆಸ್ತಿಯಾಗಿತ್ತು. ಅವನು ಹುಟ್ಟಿದ ಮೇಲೆ ಅದರಲ್ಲಿ ಅರ್ಧ ಹೋಯಿತು. ಇಂಪಾದ ಅರ್ಧವೇ ಹೋಯಿತು ಎಂದು ನನ್ನ ಲೆಕ್ಕ.

ಮಳೆಗಾಲದ ನಾಲ್ಕು ತಿಂಗಳು, ಚಾತುರ್ಮಾಸದಲ್ಲಿ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸಿ ನಮ್ಮ ಓಣಿಯ ಜೈನರೆಲ್ಲ ಬಸದಿಯಲ್ಲಿ ಸೇರುತ್ತಿದ್ದರು. ಆರತಿಯ ಪಾಳಿ ಮನೆಯಿಂದ ಮನೆಗೆ ಹೋಗುತ್ತಿತ್ತು. ಯಾರ ಪಾಳಿಯೋ ಅವರು ತುಪ್ಪ, ತೆಂಗಿನಕಾಯಿ ಒಯ್ಯಬೇಕು. ಆ ಮನೆಯ ಒಂದು ಮಗು ಪುರಾಣದ ಪುಸ್ತಕದ ಒಂದು ಹಾಳೆಯನ್ನು, ಅಂದರೆ ಮುಂದಿನ ಹಿಂದಿನ ಎರಡೂ ಪುಟಗಳನ್ನು, ಗಟ್ಟಿಯಾಗಿ ಓದಬೇಕು. ಮಗು ಎಡವಬಾರದೆಂದು ಹಿಂದಿನ ದಿನವೇ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಆ ಮನೆಗೆ ಕಳಿಸುತ್ತಿದ್ದರು. ಓದು ಮುಗಿದ ಮೇಲೆ, ಕನ್ನಡ ಸಾಲಿಯಿಂದ ನಿವೃತ್ತರಾಗಿದ್ದ ಮಾಸ್ತರರು ಅದರ ಅರ್ಥ ಹೇಳುತ್ತಿದ್ದರು.

ನಮ್ಮ ಮನೆಯ ಓದುಗ ನಾನು. ನಾನು ಏಳನೆಯ ಇಯತ್ತೆಗೆ ಬಂದ ವರ್ಷ ನನ್ನ ಗಂಟಲು ಒಡೆಯಿತು. ನಮ್ಮ ಪಾಳಿಯ ಹಿಂದಿನ ರಾತ್ರಿ ಎರಡು ಸಲ ಗಟ್ಟಿಯಾಗಿ ಓದಿ ತಯಾರಾಗಿದ್ದೆ, ಪಾಳಿಯ ದಿನ ಜ್ವರವೂ ಬಂತು. ಆಯಿ ನಾಲ್ಕನೆಯ ಇಯತ್ತೆಯ ತಮ್ಮನನ್ನು ಕರೆದುಕೊಂಡು ಹೋದಳು. ನಾನು ಹಾಸಿಗೆಯಲ್ಲಿದ್ದೆ, ಆದ್ದರಿಂದ ಅಂದಿನದನ್ನು ಕಂಡವನಲ್ಲ. ಆದರೆ ಮರುದಿನ ಅಂಗಡಿಗೆ ಬಂದವರೆಲ್ಲ ಹೇಳಿದ್ದು ಕೇಳಿದ್ದೇನೆ. ಹುಡುಗ ಓದಲಿಲ್ಲವಂತೆ, ಹಾಡಿದನಂತೆ. ರಾಣಿ ಅಳುವ ಕಡೆ ಹೆಂಗಸರು ಸೆರಗಿಗೆ ಕಣ್ಣೊರಸಿಕೊಂಡರಂತೆ.

ಗೊಬ್ಬರದ ಚೀಲಕ್ಕೆ ಒರಗಿ ನಿಂತ ಒಬ್ಬ ಕಾಕಾ ನನ್ನೆದುರೇ ಅಂದರು: "ಅಣ್ಣನ ಓದು ಹಿಂಡಿದ ಕಬ್ಬಿನ ಸಿಪ್ಪಿ ನೋಡ್ರಿ. ತಮ್ಮಂದು ಕಾಯಿಸಿದ ಬೆಲ್ಲ."

ಅಪ್ಪ ನಕ್ಕರು. ಅಪ್ಪ ನಗುವುದು ಅಪರೂಪ. ಅಂದಿನಿಂದ ಪಾಳಿಯ ಓದು ತಮ್ಮನದಾಯಿತು.

ನನಗೆ ಉಳಿದದ್ದು ತಯಾರಿಯ ಕೆಲಸ. ಪುಸ್ತಕ ಮನೆಗೆ ಬಂದಾಗ ಅವನು ನನ್ನ ಬಳಿ ಕೂತು, "ಅಣ್ಣಾ, ಒಮ್ಮಿ ನೀ ಓದು. ನೀ ಓದಿದ್ರ ನನಗ ಧೈರ್ಯ ಬರತೈತಿ" ಎನ್ನುತ್ತಿದ್ದ. ನಾನು ಉಬ್ಬಿ ಓದುತ್ತಿದ್ದೆ. ಅವನು ಹುಣಸೆ ಬೀಜ ಆಡಿಸುತ್ತ, ಪುಸ್ತಕದ ಕಡೆ ನೋಡದೆ ಕೇಳುತ್ತಿದ್ದ. ಎರಡನೆಯ ಸಲ ಓದಿಸುತ್ತಿದ್ದ. ಮೂರನೆಯ ಸಲ ಬೇಕಾಗುತ್ತಿರಲಿಲ್ಲ.

ಗುಟ್ಟು ನನಗೆ ಗೊತ್ತಾದದ್ದು ನನ್ನ ತಪ್ಪಿನಿಂದಲೇ. ರಾಜ ಹನ್ನೆರಡು ವರ್ಷ ಕಾಡಿನಲ್ಲಿದ್ದ ಎಂದು ಪುಸ್ತಕದಲ್ಲಿತ್ತು. ನಾನು ಅವಸರದಲ್ಲಿ ಹದಿನಾಲ್ಕು ಎಂದಿದ್ದೆ, ತಿದ್ದಲು ಹೋಗಿರಲಿಲ್ಲ. ಸಂಜೆ ಬಸದಿಯಲ್ಲಿ ತಮ್ಮನೂ ಹದಿನಾಲ್ಕು ಎಂದ. ಹಾಳೆ ತಿರುವುವಾಗ ನಾನು ಬೆರಳನ್ನು ನಾಲಿಗೆಗೆ ಹಚ್ಚುತ್ತೇನೆ; ಆಗ ಓದು ಅರೆಗಳಿಗೆ ನಿಲ್ಲುತ್ತದೆ. ಅವನು ಅದೇ ಮಾತಿಗೆ ನಿಲ್ಲಿಸಿದ, ಅದೇ ಬೆರಳನ್ನು ನಾಲಿಗೆಗೆ ಹಚ್ಚಿದ. ಅವನು ಪುಸ್ತಕವನ್ನು ಓದುತ್ತಿರಲಿಲ್ಲ. ನನ್ನನ್ನು ಒಪ್ಪಿಸುತ್ತಿದ್ದ. ಜನ ಅತ್ತದ್ದು ನನ್ನ ಓದಿಗೆ, ಹೆಸರು ಅವನಿಗೆ.

ಆಮೇಲೆ ಗಮನವಿಟ್ಟು ನೋಡಿದೆ. ಎಮ್ಮೆ ಕಾಯುವವನ ತಾಳ್ಮೆಯಿಂದ ನೋಡಿದೆ ಎನ್ನಬೇಕು. ಬಸ್ಸಿನ ಬೋರ್ಡು ಓದುವ ಪ್ರಸಂಗ ಬಂದರೆ ಅವನಿಗೆ ಬೂಟಿನ ಲೇಸು ಬಿಚ್ಚಿಹೋಗುತ್ತಿತ್ತು. ಕರಿಹಲಗೆ ನೋಡಿ ಬರೆಯುವಾಗ ಒಂದೊಂದು ಅಕ್ಷರಕ್ಕೂ ತಲೆಯೆತ್ತುತ್ತಿದ್ದ, ಆದರೂ ಸಾಲಿನ ನಡುವೆ ದಾರಿ ತಪ್ಪುತ್ತಿದ್ದ. ನಿನ್ನೆ ಗುರುತಿಸಿದ ಪದ ಇವತ್ತು ಅವನಿಗೆ ಅಪರಿಚಿತ. ಸಾಲಿಯಲ್ಲಿ ಎಲ್ಲರೂ ಕೂಡಿ ಓದುವ ರೂಢಿ ಇದ್ದುದರಿಂದ ಆ ಗದ್ದಲದಲ್ಲಿ ಅವನ ಧ್ವನಿಯೇ ಮುಂದಿರುತ್ತಿತ್ತು. ಬರವಣಿಗೆ ಕೆಟ್ಟದ್ದಕ್ಕೆ ಮೈಗಳ್ಳ ಎಂದು ಎರಡು ಏಟು ಕೊಟ್ಟು ಬಿಡುತ್ತಿದ್ದರು. ಈ ಲಕ್ಷಣಗಳನ್ನೆಲ್ಲ ಒಂದೊಂದಾಗಿ ಕೂಡಿಸಿದವನು ನಾನು. ಯಾವ ವೈದ್ಯರಿಗಿಂತಲೂ ಮೊದಲು ಕಂಡವನು ನಾನು. ಆದರೆ ಪ್ರೀತಿಯಿಂದ ಕಂಡದ್ದಲ್ಲ. ಯಾರಿಗೂ ಹೇಳಲೂ ಇಲ್ಲ.

ಮುಂದಿನ ಪಾಳಿ ಬಂತು. ಪುಸ್ತಕ ಮನೆಯಲ್ಲಿ ಒಂದು ರಾತ್ರಿ, ಒಂದು ಹಗಲು ಇತ್ತು. ಜಾಲಿಯ ಅಂಟಿನ ಶೀಸೆ ನನ್ನದೇ. ಪಟ ಹಚ್ಚಲು, ವಹಿಗಳಿಗೆ ಚೀಟಿ ಅಂಟಿಸಲು ಹೊಲದ ಬದುವಿನ ಗಿಡಗಳಿಂದ ನಾನೇ ಕೂಡಿಸಿ ನೆನೆಸಿಟ್ಟದ್ದು. ಇಷ್ಟು ಖರೆ. ಆ ಹಗಲಿನ ಉಳಿದ ಭಾಗವನ್ನೇ ನಾನು ನಂಬದೆ ಇದ್ದದ್ದು.

ಸಂಜೆಯದು ಮಾತ್ರ ಹತ್ತು ಜನ ಕಂಡದ್ದು. ತಮ್ಮ ವ್ಯಾಸಪೀಠದ ಮುಂದೆ ಕೂತ. ಮೊದಲ ಪುಟ ಸರಾಗ. ಬೆರಳು ನಾಲಿಗೆಗೆ ಹೋಯಿತು, ಹಾಳೆ ಮಗುಚಿತು. ಒಂದರ ಬದಲು ಎರಡು ಮಗುಚಿದವು. ಅವನು ತಡವರಿಸಲಿಲ್ಲ. ಪಟ್ಟದ ಆನೆ ಸೊಂಡಿಲಿನಲ್ಲಿ ಹಾರ ಹಿಡಿದು ಬೀದಿ ಬೀದಿ ಹೊರಟದ್ದನ್ನು ಬಣ್ಣಿಸುತ್ತ, ಸಾಲಿನ ಕೆಳಗೆ ಬೆರಳು ಆಡಿಸುತ್ತ ಹೊರಟ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಪುಟದ ಮೇಲೆ ಬಗ್ಗಿದರು.

"ಮಗಾ, ಜರಾ ತಡಿ. ಆನಿ ಎಲ್ಲೈತಿ?"

"ರಾಜಬೀದ್ಯಾಗರಿ."

"ರಾಜಬೀದ್ಯಾಗ ಇರಲಿ. ಈ ಪುಟದಾಗ ಎಲ್ಲೈತಿ? ಬೆರಳಿಟ್ಟು ತೋರ್ಸು."

ತಮ್ಮ ಪುಟ ನೋಡಿದ. ಮಾಸ್ತರರ ಮುಖ ನೋಡಿದ. ಆಮೇಲೆ ನನ್ನನ್ನು ನೋಡಿದ. ಪುಟದ ನಟ್ಟನಡುವೆ ಎಲ್ಲೋ ಒಂದು ಕಡೆ ಬೆರಳಿಟ್ಟ.

"ಅಲ್ಲಿ ಮುನಿಗಳು ಉಪವಾಸ ಕುಂತಾರಲೇ," ಎಂದರು ಮಾಸ್ತರರು, ಮೆತ್ತಗೆ.

ಹಿಂದಿನಿಂದ ಯಾರೋ, "ಆನಿ ಉಪವಾಸಕ್ಕ ಅಂಜಿ ಓಡಿ ಹೋಗಿರಬೇಕ್ರಿ," ಎಂದರು. ಬಸದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮಾಸ್ತರರು ನಗಲಿಲ್ಲ. ಕೂಡಿಕೊಂಡಿದ್ದ ಹಾಳೆಗಳನ್ನು ಉಗುರಿನಿಂದ ನಿಧಾನ ಬಿಡಿಸಿದರು, ಬೆರಳ ತುದಿಯನ್ನು ಮೂಸಿದರು, "ತುಪ್ಪ ಅಂಟೇತಿ" ಎಂದರು. ತುಪ್ಪ ತಂದವಳು ಆಯಿ. ಅವಳು ತಲೆ ತಗ್ಗಿಸಿದಳು.

ಮನೆಯಲ್ಲಿ ಅಪ್ಪ ತಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡರು. "ಅಕ್ಷರ ನೋಡಿದ್ರ ನಿನಗ ಏನ್ ಕಾಣತೈತಲೇ?"

"ಅಕ್ಷರನ ಕಾಣತಾವರಿ ಅಪ್ಪಾ. ಆದ್ರ ಅವು ನನಗ ಏನೂ ಹೇಳೂದಿಲ್ಲ."

ಅಪ್ಪ ಎತ್ತಿದ ಕೈ ಇಳಿಸಿದರು. ಮರುದಿನ ಸಾಲಿಗೆ ಹೋಗಿ ಕೇಳಿಬಂದರು. ಸಾಲಿಯ ದೊಡ್ಡ ಗುರುಗಳಿಗೆ ಕಾರಣ ಕೂಡಲೇ ಹೊಳೆದಿತ್ತು. "ಮನ್ಯಾಗ ಮರಾಠಿ, ಸಾಲ್ಯಾಗ ಕನ್ನಡ. ಎರಡೂ ತಲ್ಯಾಗ ಕಲಸಿ ಹೋಗ್ಯಾವರಿ. ಮರಾಠಿ ಬಂದ್ ಮಾಡ್ರಿ, ತಾನ ಸರಿ ಹೋಗತಾನ."

ನಮ್ಮ ಸೀಮೆಯಲ್ಲಿ ಇದಕ್ಕಿಂತ ಸಹಜವಾದ ವಿವರಣೆ ಇನ್ನೊಂದಿಲ್ಲ. ತಮ್ಮನಿಗೆ ಮರಾಠಿಯ ಒಂದಕ್ಷರವನ್ನೂ ಯಾರೂ ಕಲಿಸಿರಲಿಲ್ಲ, ಕಲಸಿಹೋಗಲು ಅಲ್ಲಿ ಎರಡನೆಯದೇ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಅದೇ ಮರಾಠಿ ಕೇಳಿ ಬೆಳೆದ ನಾನು ತರಗತಿಗೆ ಮೊದಲಿಗ. ಗುರುಗಳ ವಾದಕ್ಕೆ ಉತ್ತರವಾಗಿ ನಾನೇ ಮನೆತುಂಬ ಓಡಾಡುತ್ತಿದ್ದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಅಂದಿನಿಂದ ಮನೆಯಲ್ಲಿ ಮರಾಠಿ ನಿಂತಿತು. ಆಯಿ ಎನ್ನುವುದೂ ಬೇಡ, ಅವ್ವ ಎನ್ನಿರಿ ಎಂದು ಅಪ್ಪ ಹೇಳಿದರು. ಅವಳ ಕನ್ನಡ ಸಂತೆಯ ಕನ್ನಡ. ಉಣ್ಣು, ಏಳು, ಬಾಗಿಲ ಹಾಕು. ಮರಾಠಿಯಲ್ಲಿ ಗಿರಣಿಯಂತೆ ಮಾತಾಡುತ್ತಿದ್ದವಳು ಕನ್ನಡದಲ್ಲಿ ನಾಲ್ಕು ಮಾತಿನ ಹೆಂಗಸಾದಳು. ಹಾಡು ಹೋಯಿತು. "ದಡ್ಡಿ ಹೆಣ್ಣ ತಂದ್ರ ದಡ್ಡ ಮಕ್ಕಳನ ಹುಟ್ಟತಾವ" ಎಂದು ಬಾಜೂ ಮನೆಯಾಕೆ ಆಡಿದ್ದು ಅವಳ ಕಿವಿಗೂ ಬಿತ್ತು. ನಾನು ತಮ್ಮನಿಂದ ಕಿತ್ತುಕೊಳ್ಳಲು ಹೋದದ್ದು ಬಸದಿಯ ಓದನ್ನು. ಕಳೆದುಕೊಂಡದ್ದು ಆಯಿಯನ್ನು. ಅದಕ್ಕೂ ಅವನ ಮೇಲೆಯೇ ಸಿಟ್ಟು ಬಂತು.

ಒಂದೂವರೆ ವರ್ಷ ಕಳೆಯಿತು. ಮರಾಠಿ ಹೋಯಿತು, ಓದು ಬರಲಿಲ್ಲ. ಜೂನಿನಲ್ಲಿ ಸಾಲಿ ಬಿಡಿಸಿ ಅಂಗಡಿಯಲ್ಲಿ ಕೂಡಿಸುವುದೆಂದು ಅಪ್ಪ ನಿಶ್ಚಯಿಸಿದರು. ಬೀಜದ ಪಾಕೀಟುಗಳನ್ನು ಅವನು ಬಣ್ಣ ನೋಡಿ, ಚೀಲಗಳನ್ನು ವಾಸನೆಯಿಂದ ಗುರುತಿಸುತ್ತಿದ್ದ. ದಿನವಿಡೀ ಅಪ್ಪನ ಪಕ್ಕ ಗಾದಿಯ ಮೇಲೆ ಕೂಡುತ್ತಾನೆ ಎಂದು ಅದಕ್ಕೂ ನನಗೆ ಹೊಟ್ಟೆ ಉರಿಯಿತು. ತಮ್ಮ ಮಾತ್ರ ಸಾಲಿಯ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದ.

ಆಗ ಒಂದು ಮುಂಜಾನೆ ಮಾಸ್ತರರು ಮನೆಗೆ ಬಂದರು. ಅಂಗಡಿಯ ಮೆಟ್ಟಿಲ ಮೇಲೆಯೇ ನಿಂತು ಅಪ್ಪನಿಗೆ ಹೇಳಿದರು: "ಆ ದಿನ ಮಂದಿಯೊಳಗ ಕೇಳಬಾರದಿತ್ತು. ತಪ್ಪು ನಂದು. ಆದ್ರ ಒಂದ್ ವಿಚಾರ ಮಾಡ್ರಿ. ಬರೇ ಕೇಳಿ ಇಡೀ ಹಾಳಿ ಬಾಯಿಪಾಠ ಒಪ್ಪಸಾಂವಗ ತಲಿ ಇಲ್ಲ ಅಂದ್ರ, ನಿಮಗ ನನಗ ಎಷ್ಟೈತ್ರಿ?" ಗೋಕಾಕದ ಒಬ್ಬ ಮಕ್ಕಳ ಡಾಕ್ಟರರ ಬಳಿ ತಿಂಗಳಿಗೊಮ್ಮೆ ಬೆಳಗಾವಿಯಿಂದ ಒಬ್ಬ ಬಾಯಿ, ಅಂದರೆ ಮೇಡಂ, ಬರುತ್ತಾರೆ, ಓದಲು ಬಾರದ ಹುಡುಗರನ್ನು ಪರೀಕ್ಷಿಸುತ್ತಾರೆ ಎಂದು ಅವರು ಯಾರಿಂದಲೋ ತಿಳಿದುಕೊಂಡಿದ್ದರು.

ಅಣ್ಣ ಬಾರದಿದ್ದರೆ ಬರುವುದಿಲ್ಲ ಎಂದು ತಮ್ಮ ಹಟ ಹಿಡಿದ. ಹಾಗಾಗಿ ಅವ್ವ, ತಮ್ಮ, ನಾನು ಮೂವರೂ ಗೋಕಾಕದ ಬಸ್ಸು ಹತ್ತಿದೆವು.

ಆ ಬಾಯಿ ಬಿಳಿ ಕೋಟು ಹಾಕಿರಲಿಲ್ಲ. ಅದು ನನಗೆ ನಿರಾಸೆ. ಬಣ್ಣದ ಮರದ ತುಂಡುಗಳನ್ನು ಮೇಜಿನ ಮೇಲೆ ಸುರಿದು, ಚಿತ್ರದಲ್ಲಿದ್ದಂತೆ ಜೋಡಿಸಲು ಹೇಳಿದರು. ತಮ್ಮ ಜೋಡಿಸಿಬಿಟ್ಟ. ಇನ್ನೂ ಕಠಿಣವಾದದ್ದು ಕೊಟ್ಟರು, ಅದನ್ನೂ ಮುಗಿಸಿದ. ಅವರು ಬರೆದುಕೊಳ್ಳುವಾಗ ನಾನು ಮೆಲ್ಲಗೆ ತುಂಡುಗಳನ್ನು ನನ್ನ ಕಡೆ ಎಳೆದುಕೊಂಡೆ. ಮೂಲೆಯ ತುಂಡು ಕೊನೆಗೂ ಕೂಡಲಿಲ್ಲ. ಆಮೇಲೆ ಅವನಿಗೆ ಅರ್ಥವೇ ಇಲ್ಲದ ಪದಗಳ ಪಟ್ಟಿ ಕೊಟ್ಟರು. ಕೇಳಿ ಕಲಿಯಲು ಯಾವ ದಾರಿಯೂ ಇಲ್ಲದ ಪದಗಳು. ತಮ್ಮ ನನ್ನನ್ನು ನೋಡಿದ, ಬಸದಿಯಲ್ಲಿ ನೋಡಿದ ಹಾಗೆಯೇ. ಮೊದಲನೆಯ ಪದದ ಮೇಲೆ ಬೆರಳಿಟ್ಟ. ಅವನ ಕಣ್ಣಿನಿಂದ ನೀರು ಮೇಜಿಗೆ ಬಿತ್ತು. ಅವರು ಅವಸರ ಮಾಡಲಿಲ್ಲ.

"ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಮ್ಮ?" ಎಂದು ಅವ್ವನನ್ನು ಕೇಳಿದರು.

ಕದ್ದು ಸಿಕ್ಕವಳಂತೆ ಅವ್ವ ಎದ್ದು ನಿಂತಳು. "ಮೊದಲ ಮರಾಠಿ ಆಡತಿದ್ನಿರಿ. ಈಗ ಬಿಟ್ಟೇನ್ರಿ. ಒಂದೂವರಿ ವರ್ಷಾತ್ರಿ, ಒಂದ ಮಾತೂ ಆಡಿಲ್ರಿ ಬಾಯರ, ಆಣೆ ಮಾಡತೇನಿ."

ಅವರು ಪೆನ್ನು ಕೆಳಗಿಟ್ಟರು. "ಯಾಕೆ ಬಿಟ್ಟಿರಿ?"

"ಎರಡು ಭಾಷಾ ಕೂಡಿ ತಲಿ ಕೆಟ್ಟೈತಿ ಅಂದ್ರರಿ."

"ಹಾಗೇನೂ ಇಲ್ಲಮ್ಮ. ಭಾಷೆಯಿಂದ ಇದು ಬರೋದಿಲ್ಲ. ಬುದ್ಧಿ ಕಡಿಮೆ ಇದ್ದು ಬರೋದೂ ಅಲ್ಲ. ಬುದ್ಧಿ ಬೇಕಾದಷ್ಟಿದೆ. ಅಕ್ಷರಕ್ಕೂ ಧ್ವನಿಗೂ ಗಂಟು ಹಾಕೋದು ಇವನಿಗೆ ಕಷ್ಟ, ಅಷ್ಟೇ. ಬೇರೆ ರೀತಿ ಕಲಿಸಬೇಕು, ಹೊತ್ತು ಹಿಡಿಯುತ್ತೆ. ನೀವು ಇವತ್ತಿನಿಂದಲೇ ನಿಮ್ಮ ಭಾಷೆ ಆಡಿ."

ಡಿಸ್ಲೆಕ್ಸಿಯಾ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅಲ್ಲಿ. ಅವನ ತೊಂದರೆಗೆ ಒಂದು ಹೆಸರು ಸಿಕ್ಕಿತು. ನನ್ನದಕ್ಕೆ ಯಾರೂ ಮರದ ತುಂಡು ಸುರಿದು ಪರೀಕ್ಷೆ ಮಾಡಲಿಲ್ಲ.

ಮರಳುವ ಬಸ್ಸಿನಲ್ಲಿ ಒಂದೂವರೆ ವರ್ಷದ ಮೇಲೆ ಅವಳ ಬಾಯಿಂದ ಮೊದಲ ಮರಾಠಿ ಮಾತು ಬಂತು. "ಖಿಡಕೀಜವಳ ಬಸ, ಬಾಳಾ." ಕಿಟಕಿಯ ಬಳಿ ಕೂಡಲು ಹೇಳಿದ್ದು. ನಾನು ಆಗಲೇ ಅರ್ಧ ಎದ್ದಿದ್ದೆ. ಅವಳು ಹೇಳಿದ್ದು ತಮ್ಮನಿಗೆ.

ಅವನು, "ಹೋಯ್, ಆಯಿ" ಎಂದು ಹೂಂಗುಟ್ಟಿ ಕಿಟಕಿಗೆ ಸರಿದ, ನಡುವೆ ಏನೂ ಆಗಿಲ್ಲವೆಂಬಂತೆ. ನನ್ನ ನಾಲಿಗೆಗೆ ಆ ಕರೆ ಮತ್ತೆ ಹೊರಳಲಿಲ್ಲ. ಇವತ್ತಿಗೂ ನಾನು ಅವಳನ್ನು ಅವ್ವ ಎಂದೇ ಕರೆಯುತ್ತೇನೆ.

ಅಪ್ಪ ಸಾಲಿ ಬಿಡಿಸಲಿಲ್ಲ. ಆ ಬಾಯಿ ಹೇಳಿಕೊಟ್ಟಂತೆ ದಿನಾ ಸಂಜೆ ಅಡುಗೆಮನೆಯಲ್ಲಿ ಅಗಲ ತಟ್ಟೆಯಂಥ ಪರಾತದಲ್ಲಿ ರವೆ ಹರಡಿ, ತಮ್ಮ ಬೆರಳಿನಿಂದ ಅಕ್ಷರ ತೀಡುತ್ತ ಅದರ ಧ್ವನಿ ಗಟ್ಟಿಯಾಗಿ ಹೇಳುತ್ತಿದ್ದ. ಕನ್ನಡ ಓದಲು ಬಾರದ ಅವ್ವನೂ ಅವನ ಜೊತೆ ತೀಡುತ್ತಿದ್ದಳು. ಒಂದೇ ಪರಾತ, ಎರಡು ತಲೆ. ಇಬ್ಬರೂ ಒಟ್ಟಿಗೆ ತಪ್ಪಿ ಒಟ್ಟಿಗೆ ನಗುತ್ತಿದ್ದರು. ನಾನು ಮೊದಲ ನಂಬರಿನ ಗುಣಪತ್ರಿಕೆ ಹಿಡಿದು ಬಾಗಿಲಲ್ಲಿ ನಿಂತರೆ, "ಅಲ್ಲಿಡಪಾ, ಕೈಯೆಲ್ಲ ರವಾ ಆಗೇತಿ" ಎನ್ನುತ್ತಿದ್ದಳು.

ಒಂದು ವಾರ ನಾನೂ ಸಾಲಿಯಲ್ಲಿ ಬೇಕೆಂದೇ ತಡವರಿಸಿ ಓದಿದೆ, ಅಕ್ಷರ ಅದಲುಬದಲು ಮಾಡಿ ಬರೆದೆ. ಅಪ್ಪ ಕಣ್ಣಿನ ಡಾಕ್ಟರರಿಗೆ ತೋರಿಸಿಕೊಂಡು ಬಂದರು. "ಕಣ್ಣು ಹದ್ದಿನಂಗ ಅದಾವಂತ," ಎಂದು ಅಂಗಡಿಯಲ್ಲಿ ಎಲ್ಲರಿಗೂ ಹೇಳಿದರು. "ಸೋಗು ಎಲ್ಲಿ ಐತಿ ಅಂತ ಡಾಕ್ಟರಗೂ ಸಿಗಲಿಲ್ಲ."

ತಮ್ಮ ತಡವಾಗಿ ಓದಲು ಕಲಿತ. ಇಂದಿಗೂ ನಿಧಾನ. ಹತ್ತನೆಯ ಪರೀಕ್ಷೆಯಲ್ಲಿ ಅವನು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಟ್ಟರು, ಪಾಸಾದ. ಈಗ ಮೂಡಲಗಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ. ಕೊಣ್ಣೂರಿನಿಂದಲೂ ಗಾಡಿ ಬರುತ್ತವೆ. ಅದಷ್ಟೇ ಅಲ್ಲ, ಓದಿನಲ್ಲಿ ಹಿಂದುಳಿದ ಮಕ್ಕಳನ್ನು ಕರೆದುಕೊಂಡು ತಾಯಂದಿರೂ ಬರುತ್ತಾರೆ. ಅವನು ಎಣ್ಣೆಗೈ ಒರೆಸಿಕೊಂಡು, ಮಗುವಿಗೆ ಬರುವ ಪಾಠವನ್ನೇ ಓದಿಸುತ್ತಾನೆ. ನಡುವೆ ಗೊತ್ತಾಗದಂತೆ ಎರಡು ಹಾಳೆ ಮಗುಚುತ್ತಾನೆ. ಮಗು ಹಳೆಯ ಪಾಠವನ್ನೇ ಮುಂದುವರಿಸಿದರೆ ನಗುವುದಿಲ್ಲ, ಬೆನ್ನು ತಟ್ಟುತ್ತಾನೆ. ತಾಯಿಗೆ, ಪರೀಕ್ಷೆ ಮಾಡಿಸಲು ಎಲ್ಲಿಗೆ ಹೋಗಬೇಕೆಂದು ಹೇಳುತ್ತಾನೆ. ವಿಶ್ವವಿದ್ಯಾಲಯ ಕಂಡು ಬಂದ ನನ್ನನ್ನು ಯಾವ ತಾಯಿಯೂ ಏನೂ ಕೇಳುವುದಿಲ್ಲ.

ಆ ತಾಯಂದಿರಿಗೆ ತನ್ನ ಕಥೆಯನ್ನೂ ಹೇಳುತ್ತಾನೆ, ಪ್ರತಿಸಲ ಅದರ ಕೊನೆಗೆ ಅದೇ ಮಾತು: "ಆ ದಿನ ನಮ್ಮ ಆಯಿ ತುಪ್ಪ ಚೆಲ್ಲದಿದ್ರ, ನಾ ಇನ್ನೂ ಹಂಗ ಓದಕೋತ ಇರತಿದ್ನಿರಿ."

ತುಪ್ಪ! ನನ್ನ ಕಣ್ಣ ಮುಂದಿನಿಂದ ಅದನ್ನೂ ಒಯ್ದುಬಿಟ್ಟರು. ಕೆಟ್ಟತನವೇ ಇರಲಿ, ಅವನ ಬಾಳು ಬದಲಿಸಿದ ಆ ಒಂದು ಕೆಲಸ ನನ್ನದಾಗಿರಬಾರದೇ ಎಂದು ನನಗೆ ಅನಿಸಿದ್ದಿದೆ. ಈ ಆಸೆಯೇ ಆ ಬೆಂಕಿಕಡ್ಡಿಯ ಚಿತ್ರವನ್ನು ಹುಟ್ಟಿಸಿರಬಹುದು ಎಂದೂ ಅನಿಸಿದೆ. ಒಮ್ಮೆ ಅವ್ವನನ್ನು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ, "ತುಪ್ಪನ ಇರಬೇಕು ಬಿಡಪಾ," ಎಂದಳು.

ಬಸದಿಯ ಹಳೆಯ ಕಪಾಟುಗಳನ್ನು ತೆಗೆಯುವಾಗ ಪುಸ್ತಕಗಳನ್ನು ಬಿಸಿಲಿಗೆ ಹರಡಿದ್ದರು. ನಾನು ಆ ದಿನ ಊರಲ್ಲಿದ್ದೆ. ಕೆಂಪು ವಸ್ತ್ರ ಬಿಳಚಿಕೊಂಡಿತ್ತು, ಪುಸ್ತಕ ಅದೇ. ಆನೆ ಬೀದಿಗೆ ಹೊರಟ ಪುಟವನ್ನು ಹುಡುಕಿದೆ. ಎದುರು ಪುಟದ ಅಂಚಿನಲ್ಲಿ, ಉಗುರಿನಿಂದ ಬಿಡಿಸಿದ ಕಡೆ, ಕಾಗದದ ಮೇಲ್ಪದರ ಕಿತ್ತುಬಂದಿದೆ. ಬೆಳಕಿಗೆ ಹಿಡಿದು ನೋಡಿದೆ. ತುಪ್ಪದ ಕಲೆ ಎಲ್ಲಿಯೂ ಇಲ್ಲ. ಒಣಗಿ ಕಂದಾದ ಜಾಲಿಯ ಅಂಟಿನ ಮೂರು ಚುಕ್ಕೆಗಳಿವೆ. ಒಂದೊಂದೂ ಬೆಂಕಿಕಡ್ಡಿಯ ತುದಿಯಷ್ಟು ದೊಡ್ಡದು.